ಜೀತದ ಕುರಿತು ಆಡಿದ ಮಾತಿಗೆ ಮತದಾರರು ಕೋರುವ ಸ್ಪಷ್ಟನೆ

ಮಾನ್ಯ ಸಂಪಾದಕರೇ,

ನಮ್ಮ ವಿಧಾನಸಭಾ ಕ್ಷೇತ್ರವನ್ನು ಹಿಂದೆ ಪ್ರತಿನಿಧಿಸಿದ್ದ, ಈಗ ಮತ್ತೊಮ್ಮೆ ಮತ ಕೇಳಲು ಮನೆಮನೆಗೆ ಬರುತ್ತಿರುವ ಹಿರಿಯ ರಾಜಕಾರಣಿಯೊಬ್ಬರು ಕೆಲವು ವರ್ಷಗಳ ಹಿಂದೆ ಜೀತಪದ್ಧತಿಯ ಬಗ್ಗೆ ಆಡಿದ ಮಾತುಗಳಿಗೆ ಅವರಿಂದಲೇ ಸ್ಪಷ್ಟನೆ ಕೋರಿ ಈ ಪತ್ರ ಬರೆಯುತ್ತಿದ್ದೇವೆ. ಇದಕ್ಕೆ ಸಹಿ ಹಾಕಿದವರಲ್ಲಿ ಕಳೆದ ಸಲ ಅವರಿಗೇ ಮತ ಕೊಟ್ಟವರಿದ್ದಾರೆ, ಕೊಡದವರೂ ಇದ್ದಾರೆ. ತಂದೆಯೋ ಅಜ್ಜನೋ ಜೀತಕ್ಕಿದ್ದ ಮನೆಗಳವರು ಇರುವಂತೆಯೇ, ಜೀತದಾಳುಗಳನ್ನು ಇಟ್ಟುಕೊಂಡಿದ್ದ ಮನೆತನಗಳಿಂದ ಬಂದವರೂ ನಮ್ಮ ನಡುವೆ ಇದ್ದಾರೆ. ಆ ರಾಜಕಾರಣಿಯ ಹೆಸರನ್ನು ನಾವು ಇಲ್ಲಿ ಬರೆದಿಲ್ಲ. ಕ್ಷೇತ್ರದ ಜನರಿಗೆ ಅದು ಗೊತ್ತಿದೆ, ಅವರಿಗೂ ಈ ಪತ್ರದ ಪ್ರತಿಯನ್ನು ತಲುಪಿಸಿದ್ದೇವೆ. ನಮಗೆ ಬೇಕಾದದ್ದು ಉತ್ತರ. ಅವರನ್ನು ಊರ ಮುಂದೆ ನಿಲ್ಲಿಸಿ ಅವಮಾನಿಸುವ ಉದ್ದೇಶ ನಮಗಿಲ್ಲ.

ಅವರು ಹೇಳಿದ್ದು ಇಷ್ಟು. ಒಂದು ಸಾರ್ವಜನಿಕ ಸಭೆಯಲ್ಲಿ ಮಾತನಾಡುತ್ತ, ಗುಲಾಮಗಿರಿಯೆಂಬುದು ಹಡಗುಗಳಲ್ಲಿ ಜನರನ್ನು ತುಂಬಿ ಸಾಗಿಸಿದ ಪರದೇಶದವರ ಪಾಪವೆಂದೂ ನಮ್ಮ ನೆಲದಲ್ಲಿ ಅಂಥದ್ದು ಎಂದೂ ಇರಲಿಲ್ಲವೆಂದೂ ಹೇಳಿದರು. ಅದೇ ಭಾಷಣದಲ್ಲಿ, ಜೀತವೆಂದರೆ ಧಣಿಗೂ ಆಳಿಗೂ ನಡುವೆ ತಲೆಮಾರುಗಳಿಂದ ಬಂದ ನಂಟು, ಹೊಟ್ಟೆಗೆ ಹಿಟ್ಟು, ಮೈಗೆ ಬಟ್ಟೆ ಕೊಟ್ಟು ಸಾಕಿದವರನ್ನು ಅಪರಾಧಿಗಳೆಂದು ಕರೆಯುವುದು ಕೃತಘ್ನತೆ ಎಂಬ ಅರ್ಥದ ಮಾತುಗಳನ್ನು ಆಡಿದರು. ಆಮೇಲೆ ಬೇರೊಂದು ಸಂದರ್ಭದಲ್ಲಿ, ಜೀತದಿಂದ ಬಿಡುಗಡೆ ಕೋರಿ ಅರ್ಜಿ ಸಲ್ಲಿಸಿದವರ ವಿಷಯ ಬಂದಾಗ, ಜೀತ ಎಂದೋ ಮುಗಿದುಹೋದ ಸಂಗತಿ, ಈಗಿನ ಅರ್ಜಿಗಳೆಲ್ಲ ಪರಿಹಾರದ ಹಣಕ್ಕಾಗಿ ಹುಟ್ಟಿಕೊಂಡವು ಎಂದರು. ಆ ಭಾಷಣವನ್ನು ಕತ್ತರಿಸಿ ಹಂಚಲಾಗಿದೆ, ಮುಂದಿನ ವಾಕ್ಯಗಳನ್ನು ಕೇಳಿದರೆ ಅರ್ಥ ಬೇರೆಯಾಗುತ್ತದೆ ಎಂದು ಅವರ ಬೆಂಬಲಿಗರು ಹೇಳುತ್ತಾರೆ. ಹಾಗೆಯೇ ಇರಬಹುದು. ಆದರೆ ಇಡೀ ಭಾಷಣವನ್ನು ಅವರಾಗಲಿ ಅವರ ಕಚೇರಿಯಾಗಲಿ ಈವರೆಗೆ ಜನರ ಮುಂದಿಟ್ಟಿಲ್ಲ. ಮಾತು ತಪ್ಪಾಗಿ ವರದಿಯಾಗಿದ್ದರೆ ತಿದ್ದುವುದಕ್ಕೆ ಅವರಿಗೆ ಅವಕಾಶವಿದೆ, ಸರಿಯಾಗಿಯೇ ವರದಿಯಾಗಿದ್ದರೆ ಅದನ್ನು ಸಮರ್ಥಿಸಿಕೊಳ್ಳುವುದಕ್ಕೋ ಹಿಂದಕ್ಕೆ ಪಡೆಯುವುದಕ್ಕೋ ಅಷ್ಟೇ ಅವಕಾಶವಿದೆ. ಈ ಮೂರರಲ್ಲಿ ಯಾವುದನ್ನೂ ಮಾಡದೆ ಸುಮ್ಮನಿರುವುದನ್ನು ಒಪ್ಪಲು ನಮಗೆ ಸಾಧ್ಯವಾಗುತ್ತಿಲ್ಲ.

ನಮ್ಮ ನೆಲದಲ್ಲಿ ಗುಲಾಮಗಿರಿ ಇರಲಿಲ್ಲವೆಂಬ ಮಾತನ್ನು ಮೊದಲು ನೋಡೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಕಂಪನಿ ಸರ್ಕಾರದ ಆದೇಶದಂತೆ 1800 ಮತ್ತು 1801ರಲ್ಲಿ ಮೈಸೂರು, ಕೆನರಾ ಮತ್ತು ಮಲಬಾರ್ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಕರಾವಳಿಯಲ್ಲಿ ಭೂಮಾಲೀಕರ ಹೊಲಗಳನ್ನು ಯಾರು ಉತ್ತು ಬಿತ್ತುತ್ತಿದ್ದರು, ಅವರಿಗೆ ಎಷ್ಟು ಭತ್ತ, ಎಷ್ಟು ಬಟ್ಟೆ ಸಿಗುತ್ತಿತ್ತು ಎಂಬುದರ ಜತೆಗೆ ಆ ಆಳುಗಳನ್ನು ಕೊಳ್ಳುವ, ಮಾರುವ ವ್ಯವಹಾರವನ್ನೂ ಬರೆದಿಟ್ಟಿದ್ದಾನೆ. ಅವನು ಹೊರಗಿನವನು, ಆಳುವವರ ಪರವಾಗಿ ಬಂದವನು, ಅವನ ಮಾತನ್ನು ನಾವೇಕೆ ನಂಬಬೇಕು ಎಂದು ಕೇಳಬಹುದು. ಆದರೆ ಅವನು ಕೃಷಿ, ಕಸುಬು, ವ್ಯಾಪಾರಗಳ ಸಮೀಕ್ಷೆಗಾಗಿ ನೋಡಿದ್ದನ್ನು ಬರೆದವನು, ಗುಲಾಮಗಿರಿಯ ವಿರುದ್ಧ ಚಳವಳಿ ಹೂಡಲು ಬಂದವನಲ್ಲ. ಮೇಲಾಗಿ ಕರಾವಳಿಯಲ್ಲಿ ಮೂಲದಾಳುಗಳೆಂದು ಕರೆಸಿಕೊಂಡು ಭೂಮಿಯೊಂದಿಗೇ ಒಡೆಯನಿಂದ ಒಡೆಯನಿಗೆ ಹೋಗುತ್ತಿದ್ದವರ ನೆನಪು ಅಲ್ಲಿನ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ಆ ನೆನಪನ್ನು ಬುಕನನ್ ಹುಟ್ಟಿಸಿದ್ದಲ್ಲ.

ಮುಂದಿನ ಚರಿತ್ರೆ ಇನ್ನೂ ಗಮನಾರ್ಹವಾದದ್ದು. ಬ್ರಿಟನ್ನಿನ ಸಂಸತ್ತು 1833ರಲ್ಲಿ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿ, ಗುಲಾಮರ ಒಡೆಯರಿಗೆ ಎರಡು ಕೋಟಿ ಪೌಂಡುಗಳ ಪರಿಹಾರವನ್ನು ಗೊತ್ತುಮಾಡಿದಾಗ, ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಪ್ರದೇಶಗಳನ್ನು ಆ ಕಾಯ್ದೆಯಿಂದ ಹೊರಗಿಟ್ಟಿತು. ಇಲ್ಲಿ ಗುಲಾಮಗಿರಿಯೇ ಇರದಿದ್ದರೆ ಹೊರಗಿಡುವ ಪ್ರಮೇಯವೇ ಬರುತ್ತಿರಲಿಲ್ಲ. ಇಲ್ಲಿನ ಕಾನೂನು ಆಯೋಗ ಈ ವಿಷಯವಾಗಿ ವಿಚಾರಣೆ ನಡೆಸಿ 1841ರಲ್ಲಿ ವರದಿ ಕೊಟ್ಟಿತು. ಅದರ ಬೆನ್ನಿಗೆ ಬಂದ 1843ರ ಐದನೆಯ ಕಾಯ್ದೆ, ಒಬ್ಬ ಮನುಷ್ಯ ಇನ್ನೊಬ್ಬನ ಸ್ವತ್ತು ಎಂಬ ಹಕ್ಕನ್ನು ಕಂಪನಿಯ ಯಾವ ನ್ಯಾಯಾಲಯವೂ ಜಾರಿಗೊಳಿಸಬಾರದೆಂದು ವಿಧಿಸಿತು. ಆದರೆ ಅದು ಗುಲಾಮರನ್ನು ಇಟ್ಟುಕೊಳ್ಳುವುದನ್ನು ಅಪರಾಧವೆಂದು ಕರೆಯಲಿಲ್ಲ. ಅದಕ್ಕೆ 1860ರ ದಂಡ ಸಂಹಿತೆಯವರೆಗೆ ಕಾಯಬೇಕಾಯಿತು. ಬಿಡುಗಡೆಯಾದವರಿಗೆ ಭೂಮಿಯಾಗಲಿ, ಮನೆ ಕಟ್ಟಲು ಜಾಗವಾಗಲಿ, ಬದುಕಲು ಒಂದು ಸಣ್ಣ ಮೊತ್ತವಾಗಲಿ ಯಾರೂ ಕೊಡಲಿಲ್ಲ. ನಿಂತ ನೆಲ ಒಡೆಯನದು, ಗುಡಿಸಲು ಒಡೆಯನ ಜಾಗದ್ದು, ಬಿತ್ತನೆಯಿಲ್ಲದ ತಿಂಗಳುಗಳಲ್ಲಿ ಹೊಟ್ಟೆಗೆ ಬೇಕಾದ ಧಾನ್ಯವೂ ಒಡೆಯನ ಕಣಜದ್ದು. ಹೀಗಿರುವಾಗ ಹಿಂದೆ ಹುಟ್ಟಿನಿಂದ ಕಟ್ಟಿಹಾಕಿದವರನ್ನು ಈಗ ಸಾಲದಿಂದ ಕಟ್ಟಿಹಾಕುವುದು ಸುಲಭವಾಯಿತು. ಜೀತ ಈ ನಾಡಿನ ಎಲ್ಲ ಕಡೆಯೂ ಹೀಗೆಯೇ ಹುಟ್ಟಿತೆಂದು ನಾವು ಹೇಳುವುದಿಲ್ಲ. ಆದರೆ ಒಂದು ವ್ಯವಸ್ಥೆ ಹೋಗಿ ಇನ್ನೊಂದು ಬಂದಾಗ ಎರಡರಲ್ಲಿಯೂ ಅದೇ ಕೇರಿಗಳ, ಅದೇ ಜಾತಿಗಳ ಜನರೇ ಇದ್ದರು ಎಂಬುದನ್ನು ಮರೆತು ಈ ಚರಿತ್ರೆಯನ್ನು ಯಾರೂ ಹೇಳಲಾರರು.

ಈಗ ಅವರ ಎರಡನೆಯ ಮಾತಿಗೆ, ಅಂದರೆ ಸಾಕಿ ಸಲಹಿದ ನಂಟೆಂಬ ಮಾತಿಗೆ ಬರೋಣ. ನಮ್ಮನ್ನು ಹೆಚ್ಚು ನೋಯಿಸಿರುವುದು ಇದೇ. ಜೀತ ಹೇಗೆ ನಡೆಯುತ್ತಿತ್ತೆಂಬುದು ಈ ಕ್ಷೇತ್ರದ ಹಿರಿಯರಲ್ಲಿ ಯಾರಿಗೂ ಹೊಸದಲ್ಲ. ಮದುವೆಗೋ ಕಾಯಿಲೆಗೋ ಸಾವಿನ ಖರ್ಚಿಗೋ ಧಣಿಯಿಂದ ಒಂದಷ್ಟು ಸಾಲ ತರುತ್ತಿದ್ದರು. ಆ ಸಾಲ ತೀರುವವರೆಗೆ ಮನೆಯ ಒಬ್ಬ, ಕೆಲವೊಮ್ಮೆ ಇನ್ನೂ ಶಾಲೆಗೆ ಹೋಗಬೇಕಾದ ವಯಸ್ಸಿನ ಹುಡುಗ, ಧಣಿಯ ಕೊಟ್ಟಿಗೆಯಲ್ಲಿ, ಹೊಲದಲ್ಲಿ, ದನದ ಹಿಂದೆ ಇರಬೇಕಾಗುತ್ತಿತ್ತು. ದುಡಿಮೆ ಬಡ್ಡಿಗೆ ವಜಾ ಆಗುತ್ತಿತ್ತು, ಅಸಲು ಇದ್ದಲ್ಲೇ ಇರುತ್ತಿತ್ತು. ಜ್ವರ ಬಂದು ಮಲಗಿದ ದಿನ ಬದಲಿ ಆಳಿಗೆ ಕೊಟ್ಟ ಕೂಲಿ ಸಾಲಕ್ಕೆ ಸೇರಿಕೊಳ್ಳುತ್ತಿತ್ತು. ಕಳೆದುಹೋದ ಕುರಿ, ಮುರಿದ ನೇಗಿಲು, ಹಬ್ಬಕ್ಕೆ ಕೊಟ್ಟ ಬಟ್ಟೆ ಕೂಡ ಸೇರಿಕೊಳ್ಳುತ್ತಿತ್ತು. ಲೆಕ್ಕ ಬರೆಯುತ್ತಿದ್ದವನು ಧಣಿ. ಹೆಬ್ಬೆಟ್ಟು ಒತ್ತುತ್ತಿದ್ದವನಿಗೆ ಅಕ್ಷರ ಬರುತ್ತಿರಲಿಲ್ಲ. ತಂದೆ ಸತ್ತರೆ ಮಗ ಆ ಜಾಗಕ್ಕೆ ಬರುತ್ತಿದ್ದ. ಬಿಟ್ಟು ಹೋದವನನ್ನು ಹಿಡಿದು ತರುತ್ತಿದ್ದರು, ಹಿಡಿದು ತಂದದ್ದಕ್ಕೆ ಊರಿನ ನ್ಯಾಯಸ್ಥರು ಧಣಿಯ ಪರವಾಗಿ ತೀರ್ಪು ಹೇಳುತ್ತಿದ್ದರು.

ಇಲ್ಲಿ ಹೊಟ್ಟೆಗೆ ಕೊಟ್ಟದ್ದನ್ನು ದಾನವೆಂದು ಎಣಿಸುವುದು ಹೇಗೆ? ಸೂರ್ಯ ಹುಟ್ಟುವ ಮುಂಚೆ ಕೊಟ್ಟಿಗೆ ಬಳಿದು, ಹಗಲೆಲ್ಲ ಉತ್ತು, ರಾತ್ರಿ ಕಣ ಕಾಯುವವನಿಗೆ ಸಿಕ್ಕ ಮುದ್ದೆ ಅವನ ಕೂಲಿಯ ಒಂದು ಚೂರು. ಉಳಿದದ್ದು ಅವನಿಗೆ ಸಲ್ಲಬೇಕಾಗಿದ್ದು, ಸಲ್ಲದೆ ಹೋದದ್ದು. ಧಣಿಗಳಲ್ಲಿ ಒಳ್ಳೆಯವರಿದ್ದರು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಹೊಡೆಯದ, ಬೈಯದ, ಆಳಿನ ಮಗಳ ಮದುವೆಗೆ ತಾವಾಗಿಯೇ ಅಕ್ಕಿ ಕಳಿಸಿದ ಮನೆಗಳನ್ನು ನಮ್ಮಲ್ಲಿ ಕೆಲವರು ಕಂಡಿದ್ದಾರೆ. ಆದರೆ ಆ ಮನೆಗಳಲ್ಲಿಯೂ ಆಳು ಬೇರೆ ಕಡೆ ಹೆಚ್ಚು ಕೂಲಿ ಸಿಗುತ್ತದೆಂದು ಹೊರಟು ನಿಲ್ಲುವಂತಿರಲಿಲ್ಲ. ಒಡೆಯನ ಒಳ್ಳೆಯತನ ಒಡೆಯನ ಇಷ್ಟಕ್ಕೆ ಬಿಟ್ಟದ್ದಾಗಿತ್ತು, ಅವನ ಮಗ ಬೇರೆ ಸ್ವಭಾವದವನಾದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ನಂಟಿನ ಎರಡೂ ಕಡೆಯವರಿಗೆ ನಂಟನ್ನು ಬಿಡುವ ಸ್ವಾತಂತ್ರ್ಯವಿರಬೇಕು. ಜೀತದಲ್ಲಿ ಆ ಸ್ವಾತಂತ್ರ್ಯ ಧಣಿಯೊಬ್ಬನಿಗೇ ಇತ್ತು. ಕೃತಘ್ನತೆಯ ಮಾತನ್ನು ಆಡಿದವರು ಈ ಒಂದು ವ್ಯತ್ಯಾಸದ ಬಗ್ಗೆ ಏನು ಹೇಳುತ್ತಾರೆಂಬುದನ್ನು ತಿಳಿಯಬಯಸುತ್ತೇವೆ.

ಸಂವಿಧಾನದ 23ನೆಯ ವಿಧಿ ಮನುಷ್ಯರ ಮಾರಾಟವನ್ನೂ ಬಿಟ್ಟಿ ದುಡಿಮೆಯನ್ನೂ ಬಲವಂತದ ದುಡಿಮೆಯನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸಿದೆ. ಆ ವಿಧಿ ಸರ್ಕಾರಕ್ಕೆ ಮಾತ್ರವಲ್ಲ, ಖಾಸಗಿ ವ್ಯಕ್ತಿಗೂ ಅನ್ವಯಿಸುವ ಕೆಲವೇ ಮೂಲಭೂತ ಹಕ್ಕುಗಳಲ್ಲಿ ಒಂದು. ಸಾಲಕ್ಕಾಗಿ ಮಾಡಿಸುವ ದುಡಿಮೆಯನ್ನು ಗುಲಾಮಗಿರಿಗೆ ಸಮಾನವಾದ ಪದ್ಧತಿಗಳಲ್ಲಿ ಎಣಿಸಿದ 1956ರ ವಿಶ್ವಸಂಸ್ಥೆಯ ಪೂರಕ ಒಡಂಬಡಿಕೆಯನ್ನು ಭಾರತ 1960ರಲ್ಲಿ ಅನುಮೋದಿಸಿತು. ಆದರೂ ಜೀತವನ್ನು ನೇರವಾಗಿ ರದ್ದುಗೊಳಿಸುವ ಕೇಂದ್ರದ ಕಾನೂನು ಬಂದದ್ದು 1975ರ ಅಕ್ಟೋಬರ್‌ನಲ್ಲಿ, ಸುಗ್ರೀವಾಜ್ಞೆಯ ರೂಪದಲ್ಲಿ. ಮರುವರ್ಷ ಅದು 1976ರ ಜೀತಪದ್ಧತಿ (ರದ್ದತಿ) ಕಾಯ್ದೆಯಾಯಿತು. ಅದು ತುರ್ತುಪರಿಸ್ಥಿತಿಯ ಕಾಲವೆಂಬುದನ್ನು ನಾವು ಮರೆತಿಲ್ಲ. ಆ ಕಾಲದ ಅನೇಕ ಕೃತ್ಯಗಳನ್ನು ಒಪ್ಪದವರೂ ನಮ್ಮಲ್ಲಿ ಇದ್ದಾರೆ. ಆದರೆ ತುರ್ತುಪರಿಸ್ಥಿತಿ ಹೋದ ಮೇಲೂ, ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಬಂದುಹೋದ ಮೇಲೂ ಈ ಕಾಯ್ದೆ ಉಳಿದಿದೆ, 1985ರಲ್ಲಿ ಇನ್ನಷ್ಟು ಸ್ಪಷ್ಟಗೊಂಡು ಗುತ್ತಿಗೆ ಕಾರ್ಮಿಕರನ್ನೂ ಅಂತರರಾಜ್ಯ ವಲಸೆ ಕಾರ್ಮಿಕರನ್ನೂ ತನ್ನ ವ್ಯಾಪ್ತಿಯಲ್ಲಿ ಹೆಸರಿಸಿದೆ.

ಆ ಕಾಯ್ದೆಯನ್ನು ಒಮ್ಮೆ ಓದಿದವರು ನಂಟಿನ ಮಾತನ್ನು ಆಡುವುದು ಕಷ್ಟ. ಮುಂಗಡ ಪಡೆದದ್ದರಿಂದ ಮಾತ್ರವಲ್ಲದೆ, ರೂಢಿಯ ಕಟ್ಟಳೆಯಿಂದ, ಹಿರಿಯರಿಂದ ಬಂದ ಹೊರೆಯಿಂದ, ಇಂಥ ಜಾತಿಯಲ್ಲಿ ಹುಟ್ಟಿದ ಕಾರಣದಿಂದ ಒಬ್ಬನು ಕೂಲಿಯಿಲ್ಲದೆಯೋ ಹೆಸರಿಗಷ್ಟೇ ಕೂಲಿಗೋ ದುಡಿಯಬೇಕಾಗಿದ್ದರೆ, ಬೇರೆ ಕೆಲಸ ಹಿಡಿಯುವ ಅಥವಾ ಬೇರೆಡೆಗೆ ಹೋಗುವ ಸ್ವಾತಂತ್ರ್ಯವನ್ನು ಕಳೆದುಕೊಂಡಿದ್ದರೆ, ತಾನು ಬೆಳೆದದ್ದನ್ನು ಮಾರುಕಟ್ಟೆಯ ಬೆಲೆಗೆ ಮಾರುವ ಹಕ್ಕನ್ನು ಬಿಟ್ಟುಕೊಟ್ಟಿದ್ದರೆ, ಅದು ಜೀತ. ಅಂಥ ಸಾಲವನ್ನು ತೀರಿಸುವ ಹೊಣೆ ಕಾಯ್ದೆ ಬಂದ ದಿನವೇ ಅಳಿಯಿತು. ತೀರಿಹೋದ ಸಾಲಕ್ಕೆ ಹಣ ವಸೂಲು ಮಾಡುವುದೂ ಅಪರಾಧ. ಆಳು ತಾನು ಪಡೆದದ್ದು ಜೀತದ ಸಾಲವೆಂದು ಹೇಳಿದರೆ, ಅಲ್ಲವೆಂದು ಸಾಬೀತುಪಡಿಸಬೇಕಾದವನು ಸಾಲ ಕೊಟ್ಟವನು. ಈ ಕೊನೆಯ ನಿಯಮ ನಮ್ಮ ಕಾನೂನಿನಲ್ಲಿ ಅಪರೂಪದ್ದು. ಶಾಸನ ಮಾಡಿದವರಿಗೆ ಲೆಕ್ಕದ ಪುಸ್ತಕ ಯಾರ ಕೈಯಲ್ಲಿತ್ತೆಂಬುದು ತಿಳಿದಿತ್ತು, ಅದಕ್ಕಾಗಿಯೇ ಪುರಾವೆಯ ಭಾರವನ್ನು ಆ ಕೈಯ ಮೇಲೆಯೇ ಇಟ್ಟರು.

ಜೀತವಲ್ಲ, ಬರೀ ದುಡಿಮೆ ಎಂಬ ವಾದವನ್ನು ಸುಪ್ರೀಂ ಕೋರ್ಟ್ ಕೂಡ ಕೇಳಿದೆ. ಫರೀದಾಬಾದಿನ ಕಲ್ಲುಗಣಿಗಳ ಕಾರ್ಮಿಕರ ಪರವಾಗಿ ಬಂಧುವಾ ಮುಕ್ತಿ ಮೋರ್ಚಾ ಎಂಬ ಸಂಘಟನೆ ಹೂಡಿದ ಪ್ರಕರಣದಲ್ಲಿ ಹರಿಯಾಣ ಸರ್ಕಾರವು, ಈ ಜನ ಬಲವಂತಕ್ಕೆ ಒಳಗಾದ ಕಾರ್ಮಿಕರಿರಬಹುದು, ಜೀತದಾಳುಗಳಲ್ಲ ಎಂದು ವಾದಿಸಿತು. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠ 1983ರ ಡಿಸೆಂಬರ್‌ನಲ್ಲಿ ಅದನ್ನು ತಳ್ಳಿಹಾಕಿ, ಬಲವಂತದ ದುಡಿಮೆ ಕಂಡುಬಂದಲ್ಲಿ ಅದರ ಹಿಂದೆ ಮುಂಗಡವೋ ಇನ್ನೊಂದು ಹಂಗೋ ಇದೆಯೆಂದೇ ಭಾವಿಸಿ ಮುಂದುವರಿಯಬೇಕು, ಅಲ್ಲವೆಂದು ತೋರಿಸುವ ಹೊಣೆ ಮಾಲೀಕನದು ಮತ್ತು ಸರ್ಕಾರದ್ದು ಎಂದಿತು. ಅದಕ್ಕೂ ಮೊದಲು, 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕಾರ್ಮಿಕರ ಪ್ರಕರಣದಲ್ಲಿ ಇದೇ ನ್ಯಾಯಾಲಯ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದೂ ಬಲವಂತದ ದುಡಿಮೆಯೇ ಎಂದು ಹೇಳಿತ್ತು. ಹಸಿವು ಕೂಡ ಒಂದು ಬಲವಂತ ಎಂಬುದು ಆ ತೀರ್ಪಿನ ತಿರುಳು. ಹೊಟ್ಟೆಗೆ ಕೊಟ್ಟು ಸಾಕಿದೆವು ಎನ್ನುವವರು ಓದಬೇಕಾದ ತೀರ್ಪು ಅದು.

ಅವರ ಮೂರನೆಯ ಮಾತು ಹಳೆಯ ಕಾಲದ ಬಗೆಗಿನದ್ದಲ್ಲ, ಇಂದಿನ ಜನರ ಬದುಕಿಗೆ ತಾಗುವಂಥದ್ದು. ಈ ಕಾರಣಕ್ಕೇ ಹಿಂದೆ ಆಡಿದ ಮಾತು ಹಿಂದಕ್ಕೇ ಇರಲಿ ಎಂದು ಬಿಡಲು ನಮ್ಮಿಂದಾಗುತ್ತಿಲ್ಲ. ಕಾಯ್ದೆ ಬಂದ ಮೇಲೆ ದೇಶದಲ್ಲಿ ಗುರುತಿಸಿ ಬಿಡುಗಡೆ ಮಾಡಿದ ಜೀತದಾಳುಗಳ ಸಂಖ್ಯೆ ಸರ್ಕಾರದ ಲೆಕ್ಕದಂತೆಯೇ ಮೂರು ಲಕ್ಷಕ್ಕೂ ಹೆಚ್ಚು. ಅದರಲ್ಲಿ 60,000ಕ್ಕೂ ಹೆಚ್ಚು ಜನ ಕರ್ನಾಟಕದವರು. ತಮಿಳುನಾಡಿನ ಜತೆಗೆ ಪಟ್ಟಿಯ ಮೇಲ್ತುದಿಯಲ್ಲಿರುವ ರಾಜ್ಯ ನಮ್ಮದು. 2016ರಲ್ಲಿ ಕೇಂದ್ರದ ಕಾರ್ಮಿಕ ಸಚಿವಾಲಯವೇ 2030ರ ಹೊತ್ತಿಗೆ 1.84 ಕೋಟಿ ಜೀತ ಕಾರ್ಮಿಕರನ್ನು ಗುರುತಿಸಿ ಬಿಡಿಸುವ ಗುರಿಯನ್ನು ಇಟ್ಟುಕೊಂಡಿತು. ಮುಗಿದುಹೋದ ಸಂಗತಿಗೆ ಯಾವ ಸರ್ಕಾರವೂ ಇಂಥ ಗುರಿ ಇಟ್ಟುಕೊಳ್ಳುವುದಿಲ್ಲ. ಮಂಡ್ಯ ಜಿಲ್ಲೆಯ ಹಂಗರಹಳ್ಳಿಯ ಕಲ್ಲು ಕ್ವಾರಿಯಲ್ಲಿ ಕಾಲಿಗೆ ಕಬ್ಬಿಣದ ಸರಪಳಿ ತೊಡಿಸಿ ದುಡಿಸಿಕೊಳ್ಳುತ್ತಿದ್ದ ಕಾರ್ಮಿಕರನ್ನು ಬಿಡಿಸಿದ್ದು 2000ನೇ ಇಸವಿಯಲ್ಲಿ, ಕಾಯ್ದೆ ಬಂದು ಹತ್ತಿರ ಹತ್ತಿರ ಕಾಲು ಶತಮಾನ ಕಳೆದ ಮೇಲೆ. ಆಗ ಆ ಸುದ್ದಿಯನ್ನು ಓದಿದವರು ಈ ರಾಜ್ಯದಲ್ಲಿ ಇನ್ನೂ ಲಕ್ಷಾಂತರ ಮಂದಿ ಇದ್ದಾರೆ.

ಇಂದಿನ ಜೀತಕ್ಕೆ ಸರಪಳಿ ಬೇಕಾಗಿಲ್ಲ ಎಂಬುದೂ ನಿಜ. ಇಟ್ಟಿಗೆ ಗೂಡಿಗೆ, ಕ್ವಾರಿಗೆ, ಕಬ್ಬು ಕಡಿಯಲು, ತೋಟಕ್ಕೆ, ಬೋರ್‌ವೆಲ್ ಲಾರಿಗೆ ದೂರದ ಜಿಲ್ಲೆಗಳಿಂದ, ಬೇರೆ ರಾಜ್ಯಗಳಿಂದ ಇಡೀ ಕುಟುಂಬಗಳನ್ನು ಮುಂಗಡ ಕೊಟ್ಟು ಕರೆತರಲಾಗುತ್ತದೆ. ವಾರಕ್ಕೊಮ್ಮೆ ಸಂತೆಯ ಖರ್ಚಿಗೆ ಒಂದಿಷ್ಟು ಹಣ ಕೊಡುತ್ತಾರೆ, ಲೆಕ್ಕ ಹಂಗಾಮಿನ ಕೊನೆಗೆ ಎನ್ನುತ್ತಾರೆ. ಲೆಕ್ಕದ ದಿನ ಬಂದಾಗ ಮುಂಗಡ ಇನ್ನೂ ತೀರಿಲ್ಲವೆಂದು ತೋರಿಸುತ್ತಾರೆ. ಗಂಡ ಊರಿಗೆ ಹೋಗಬೇಕೆಂದರೆ ಹೆಂಡತಿ ಮಕ್ಕಳು ಅಲ್ಲೇ ಉಳಿಯಬೇಕು, ಆಧಾರ್ ಕಾರ್ಡು ಮಾಲೀಕನ ಬಳಿ ಇರಬೇಕು. ಮುಂಗಡ ಪಡೆಯುವ ಎಲ್ಲರೂ ಜೀತದಾಳುಗಳೆಂದು ನಾವು ಹೇಳುತ್ತಿಲ್ಲ, ಮುಂಗಡ ಕೊಡುವ ಪ್ರತಿಯೊಬ್ಬ ಮಾಲೀಕನೂ ಅಪರಾಧಿಯೆಂದೂ ಹೇಳುತ್ತಿಲ್ಲ. ಮುಂಗಡ ಬಾಕಿಯಿರುವಾಗಲೂ ಕೆಲಸಗಾರ ಹೊರಟು ನಿಲ್ಲಬಲ್ಲನೇ, ಕನಿಷ್ಠ ಕೂಲಿ ಅವನ ಕೈಗೆ ಸೇರುತ್ತಿದೆಯೇ ಎಂಬೆರಡನ್ನು ಕೇಳಿದರೆ ಸಾಕು, ವ್ಯತ್ಯಾಸ ತಿಳಿಯುತ್ತದೆ. ಪ್ರತಿಯೊಂದು ಪ್ರಕರಣದಲ್ಲಿಯೂ ಅದನ್ನು ಕೇಳಬೇಕಾದವರು ಜಿಲ್ಲಾಧಿಕಾರಿಗಳು ಮತ್ತು ಉಪವಿಭಾಗಾಧಿಕಾರಿಗಳು.

ಅರ್ಜಿಗಳೆಲ್ಲ ಹಣಕ್ಕಾಗಿ ಎಂಬ ಮಾತಿನ ಪರಿಣಾಮ ನೇರವಾಗಿ ಆಗುವುದು ಅಲ್ಲಿಯೇ. ಬಿಡುಗಡೆ ಪ್ರಮಾಣಪತ್ರ ಕೈಗೆ ಬಾರದೆ ಯಾವ ಪುನರ್ವಸತಿಯೂ ಆರಂಭವಾಗುವುದಿಲ್ಲ. ಕೇಂದ್ರದ 2016ರ ಯೋಜನೆಯಂತೆ ವಯಸ್ಕ ಪುರುಷರಿಗೆ 1 ಲಕ್ಷ ರೂಪಾಯಿ, ಮಹಿಳೆಯರು ಮತ್ತು ಮಕ್ಕಳಿಗೆ 2 ಲಕ್ಷ, ಲೈಂಗಿಕ ಶೋಷಣೆ ಅಥವಾ ಮಾನವ ಕಳ್ಳಸಾಗಣೆಯಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ನೆರವಿದೆ. ಕೇಳುವಾಗ ಇದು ದೊಡ್ಡ ಮೊತ್ತವೇ. ಆದರೆ ಪೂರ್ತಿ ನೆರವನ್ನು ಆರೋಪಿಗೆ ಶಿಕ್ಷೆಯಾಗುವುದಕ್ಕೆ ಗಂಟುಹಾಕಿದ್ದಾರೆ. ಕಾಯ್ದೆಯಡಿ ವಿಧಿಸಬಹುದಾದ ಶಿಕ್ಷೆ ಮೂರು ವರ್ಷದವರೆಗಿನ ಸೆರೆ ಮತ್ತು 2,000 ರೂಪಾಯಿವರೆಗಿನ ದಂಡ; ಆ ಶಿಕ್ಷೆಯಾಗುವ ಹೊತ್ತಿಗೆ ದೂರು ಕೊಟ್ಟವರು ಎಷ್ಟು ಸಲ ಊರಿನಿಂದ ಕಚೇರಿಗೆ ಅಲೆದಿರುತ್ತಾರೆ, ಎಷ್ಟು ಸಲ ಹಳೆಯ ಧಣಿಯ ಮನೆಯವರ ಮುಂದೆ ಹಾದುಹೋಗಿರುತ್ತಾರೆ ಎಂಬುದನ್ನು ಯೋಚಿಸಬೇಕು. ತಕ್ಷಣಕ್ಕೆ ಸಿಗುವುದು ಜಿಲ್ಲಾಡಳಿತದ ಮೂಲಕ ಕೊಡಬೇಕಾದ ಆರಂಭಿಕ ನೆರವೊಂದೇ. ಹಣಕ್ಕಾಗಿ ಸುಳ್ಳು ಹೇಳುವವರಿಗೆ ಇದಕ್ಕಿಂತ ಸುಲಭದ ದಾರಿಗಳಿವೆ. ಸುಳ್ಳು ಅರ್ಜಿಗಳು ಒಂದೂ ಇಲ್ಲವೆಂದು ನಾವು ಪ್ರಮಾಣ ಮಾಡಲಾರೆವು. ಯಾವ ಸರ್ಕಾರಿ ಯೋಜನೆಯ ಬಗ್ಗೆಯೂ ಯಾರೂ ಹಾಗೆ ಪ್ರಮಾಣ ಮಾಡಲಾರರು. ಅದಕ್ಕೆ ಮದ್ದು ಸ್ಥಳಕ್ಕೆ ಹೋಗಿ ನಡೆಸುವ ವಿಚಾರಣೆ. ವಿಚಾರಣೆಗೆ ಮುಂಚೆಯೇ ಎಲ್ಲ ಅರ್ಜಿದಾರರೂ ಸುಳ್ಳರೆಂದು ಕ್ಷೇತ್ರದ ದೊಡ್ಡ ಮನುಷ್ಯರೊಬ್ಬರು ವೇದಿಕೆಯಿಂದ ಹೇಳಿಬಿಟ್ಟರೆ, ಮರುದಿನ ಅದೇ ಅರ್ಜಿಯ ಮೇಲೆ ವರದಿ ಬರೆಯಬೇಕಾದ ಕೆಳಹಂತದ ನೌಕರ ಏನು ಬರೆಯುತ್ತಾನೆ?

ಶಾಸಕರು ಜೀತದ ಕಾಯ್ದೆ ಸರಿಯಾಗಿ ಜಾರಿಯಾಗುವಂತೆ ನೋಡಿಕೊಳ್ಳುವ ಜಾಗೃತಿ ಸಮಿತಿಯ ಸದಸ್ಯರಲ್ಲ, ಬಿಡುಗಡೆಯ ಆದೇಶಕ್ಕೆ ಸಹಿ ಹಾಕುವವರೂ ಅಲ್ಲ, ಹೀಗಿರುವಾಗ ಅವರ ಅಭಿಪ್ರಾಯಕ್ಕೆ ಇಷ್ಟೊಂದು ಮಹತ್ವವೇಕೆ ಎಂದು ಕೆಲವರು ನಮ್ಮನ್ನು ಕೇಳಿದ್ದಾರೆ. ಕಾಯ್ದೆಯ ಅಕ್ಷರಕ್ಕೆ ಇದು ಸರಿ. ಸಮಿತಿಯಲ್ಲಿ ಜಿಲ್ಲಾಧಿಕಾರಿ ಅಥವಾ ಅವರು ನೇಮಿಸಿದವರು, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಪ್ರತಿನಿಧಿಗಳು, ಸಮಾಜ ಸೇವಕರು, ಗ್ರಾಮೀಣಾಭಿವೃದ್ಧಿ ಮತ್ತು ಸಾಲ ನೀಡುವ ಸಂಸ್ಥೆಗಳವರು ಇರಬೇಕೆಂದು ಕಾಯ್ದೆ ಹೇಳುತ್ತದೆ. ಆದರೆ ಆ ಸಮಿತಿ ರಚನೆಯಾಗಿದೆಯೇ, ಕಾಲಕಾಲಕ್ಕೆ ಸಭೆ ಸೇರುತ್ತಿದೆಯೇ ಎಂದು ಪ್ರಗತಿ ಪರಿಶೀಲನಾ ಸಭೆಯಲ್ಲಿ ಕೇಳಬಲ್ಲವರು ಶಾಸಕರು. ವಿಧಾನಸಭೆಯಲ್ಲಿ ಪ್ರಶ್ನೆ ಎತ್ತಿ ಕಾರ್ಮಿಕರ, ಕೂಲಿಯವರ ಲೆಕ್ಕವನ್ನು ಸರ್ಕಾರದ ಬಾಯಿಂದ ಹೇಳಿಸಬಲ್ಲವರೂ ಅವರೇ. ಬಿಡುಗಡೆಯಾದವರಿಗೆ ಮನೆ, ನಿವೇಶನ, ಪಡಿತರ ಚೀಟಿ, ಮಕ್ಕಳಿಗೆ ಹಾಸ್ಟೆಲ್ ಸಿಗುವುದು ಬಹುಮಟ್ಟಿಗೆ ಅವರ ಆಸಕ್ತಿಯನ್ನು ಅವಲಂಬಿಸಿದೆ. ಬಿಡುಗಡೆ ಮಾಡಿ ಪುನರ್ವಸತಿ ಕೊಡದಿದ್ದರೆ ಜನ ಮತ್ತೆ ಜೀತಕ್ಕೇ ಮರಳುತ್ತಾರೆಂದು ಸುಪ್ರೀಂ ಕೋರ್ಟ್ 1984ರಲ್ಲಿ ನೀರಜಾ ಚೌಧರಿ ಪ್ರಕರಣದಲ್ಲಿ ಎಚ್ಚರಿಸಿದ್ದು ಇದನ್ನೇ.

ಇದಕ್ಕೆ ಸೇರಿದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಅವರು ತಮ್ಮ ಭಾಷಣಗಳಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆಯನ್ನು ಮೆಚ್ಚಿ ಮಾತನಾಡುತ್ತಾರೆ, ಉಳುವವನಿಗೆ ಭೂಮಿ ಸಿಕ್ಕ ಮೇಲೆ ಹಳೆಯ ಲೆಕ್ಕವೆಲ್ಲ ತೀರಿತೆನ್ನುತ್ತಾರೆ. ಆ ಸುಧಾರಣೆಯ ಬಗ್ಗೆ ನಮಗೂ ಅಷ್ಟೇ ಗೌರವವಿದೆ. 1974ರ ಮಾರ್ಚ್ 1ರಂದು ಗೇಣಿ ಭೂಮಿಗಳು ಸರ್ಕಾರಕ್ಕೆ ಸೇರಿ, ಅರ್ಜಿ ಹಾಕಿದ ಗೇಣಿದಾರರಿಗೆ ಹಕ್ಕು ಬಂತು. ಆದರೆ ಜೀತದಾಳು ಗೇಣಿದಾರನಲ್ಲ. ಅವನ ಹೆಸರಿನಲ್ಲಿ ಗೇಣಿ ಚೀಟಿ ಇರಲಿಲ್ಲ, ಪಹಣಿಯಲ್ಲಿ ಅವನ ಹೆಸರಿರಲಿಲ್ಲ, ತಾನು ಉತ್ತ ಹೊಲಕ್ಕೆ ಅರ್ಜಿ ಹಾಕುವ ಹಕ್ಕೂ ಅವನಿಗೆ ಇರಲಿಲ್ಲ. ಕೆಲವೆಡೆ ಗೇಣಿದಾರನೇ ಹೊಸ ಒಡೆಯನಾದ, ಅವನ ಕೈಕೆಳಗೆ ಅದೇ ಆಳು ಮುಂದುವರಿದ. ಇದು ಸುಧಾರಣೆಯನ್ನು ಹಳಿಯುವ ಮಾತಲ್ಲ. ಆ ಸುಧಾರಣೆ ತಲುಪದ ಜನರ ಲೆಕ್ಕ ತೀರಿತೆಂದು ಹೇಳಲು ಬರುವುದಿಲ್ಲ ಎಂಬುದಷ್ಟೇ ನಮ್ಮ ಮಾತು.

ಇಷ್ಟನ್ನು ಹೇಳಿದ ಮೇಲೆ ಅವರಿಂದ ನಾವು ತಿಳಿಯಬಯಸುವುದನ್ನು ನೇರವಾಗಿ ಕೇಳುತ್ತೇವೆ. ಆ ಸಭೆಯಲ್ಲಿ ಆಡಿದ್ದಾಗಿ ವರದಿಯಾದ ಮಾತುಗಳು ಅವರವೇ? ಅವರವಾಗಿದ್ದರೆ ಇಂದಿಗೂ ಅವರ ಅಭಿಪ್ರಾಯ ಅದೇ ಇದೆಯೇ, ಬದಲಾಗಿದ್ದರೆ ಯಾವ ಭಾಗ ಬದಲಾಗಿದೆ? 1976ರ ಕಾಯ್ದೆ ಜೀತವೆಂದು ಹೇಳುವ ದುಡಿಮೆಯನ್ನು ಅವರು ಅಪರಾಧವೆಂದು ಒಪ್ಪುತ್ತಾರೆಯೇ? ಬಿಡುಗಡೆ ಕೋರಿ ಅರ್ಜಿ ಕೊಟ್ಟವರನ್ನು ಹಣಕ್ಕಾಗಿ ಬಂದವರೆಂದು ಕರೆದದ್ದಕ್ಕೆ ಅವರ ಬಳಿ ಯಾವ ಆಧಾರವಿತ್ತು, ಆ ಅರ್ಜಿಗಳಲ್ಲಿ ಯಾವುದನ್ನಾದರೂ ಅವರು ಓದಿದ್ದರೇ, ಅರ್ಜಿದಾರರಲ್ಲಿ ಯಾರನ್ನಾದರೂ ಭೇಟಿ ಮಾಡಿದ್ದರೇ? ಆಯ್ಕೆಯಾದರೆ ಜಾಗೃತಿ ಸಮಿತಿಗಳ ಸಭೆಗಳು ನಡೆಯುವಂತೆಯೂ, ಬಾಕಿಯಿರುವ ಅರ್ಜಿಗಳ ವಿಚಾರಣೆ ಸ್ಥಳದಲ್ಲಿಯೇ ಆಗುವಂತೆಯೂ ಒತ್ತಾಯಿಸುತ್ತಾರೆಯೇ?

ಅವರು ಕ್ಷಮೆ ಕೇಳಬೇಕೆಂಬ ಷರತ್ತನ್ನು ನಾವು ಹಾಕುತ್ತಿಲ್ಲ. ಇಂದಿನ ಪೀಳಿಗೆಯವರು ತಮ್ಮ ಹಿರಿಯರ ಕೃತ್ಯಗಳಿಗೆ ತಲೆ ತಗ್ಗಿಸಬೇಕೆಂಬುದೂ ನಮ್ಮ ಬೇಡಿಕೆಯಲ್ಲ. ನಮ್ಮ ಜತೆ ಸಹಿ ಹಾಕಿರುವ, ಹಿಂದೆ ಆಳುಗಳನ್ನಿಟ್ಟುಕೊಂಡಿದ್ದ ಮನೆಯ ಹಿರಿಯರೊಬ್ಬರು ಹೇಳಿದಂತೆ, ನಡೆದದ್ದನ್ನು ನಡೆದದ್ದೆಂದು ಹೇಳುವುದರಿಂದ ಯಾರ ಮನೆಯ ಮರ್ಯಾದೆಯೂ ಹೋಗುವುದಿಲ್ಲ. ನಡೆಯಲಿಲ್ಲವೆಂದು ಹೇಳಿದಾಗ ಮಾತ್ರ ಜೀತದಲ್ಲಿ ಸವೆದವರ ಮಕ್ಕಳಿಗೆ, ನಿಮ್ಮ ತಂದೆಯ ಆಯುಷ್ಯವೆಲ್ಲ ಒಂದು ಉಪಕಾರದ ಲೆಕ್ಕದಲ್ಲಿತ್ತು ಎಂದು ಹೇಳಿದಂತಾಗುತ್ತದೆ. ಮತ ಕೇಳಲು ಅದೇ ಮಕ್ಕಳ ಬಾಗಿಲಿಗೆ ಅವರು ಬರುತ್ತಿದ್ದಾರೆ.

ಇದೇ ಪ್ರಶ್ನೆಗಳನ್ನು, ಅವರ ಹಿಂದಿನ ಮಾತುಗಳಿಗೆ ಸಂಬಂಧಿಸಿದ್ದನ್ನು ಬಿಟ್ಟು, ಕ್ಷೇತ್ರದ ಉಳಿದ ಅಭ್ಯರ್ಥಿಗಳಿಗೂ ಲಿಖಿತವಾಗಿ ಕಳಿಸಿದ್ದೇವೆ. ಉತ್ತರವನ್ನು ತಮ್ಮ ಪತ್ರಿಕೆಯ ಮೂಲಕವೇ ಕೊಡಬಹುದು, ಬಹಿರಂಗ ಸಭೆಯಲ್ಲಿ ಕೊಡಬಹುದು, ಅಥವಾ ನಮ್ಮನ್ನು ಕರೆಸಿ ಮಾತನಾಡಬಹುದು. ಯಾವ ರೀತಿ ಕೊಟ್ಟರೂ ಅದನ್ನು ಒಂದಕ್ಷರವೂ ಕತ್ತರಿಸದೆ ಕ್ಷೇತ್ರದ ಜನರಿಗೆ ತಲುಪಿಸುವ ಹೊಣೆ ನಮ್ಮದು. ಮತದಾನದ ದಿನಕ್ಕೆ ಮುಂಚೆ ಉತ್ತರ ಬರಲೆಂದು ಕೋರುತ್ತೇವೆ.

ಇಂತಿ,
ಕ್ಷೇತ್ರದ ಮತದಾರರ ಪರವಾಗಿ